ತೊರೆಗಳ ಹೆಸರು ಹೊತ್ತ ಮನೆತನ

ವೇಲ್ಸ್‌ನ ವಾಯವ್ಯಕ್ಕೆ, ಕಾಡರ್ ಇದ್ರಿಸ್ ಬೆಟ್ಟದ ಮಡಿಲಲ್ಲಿ ಡೊಲ್ಗೆಲೈ ಎಂಬ ಪುಟ್ಟ ಪಟ್ಟಣವಿದೆ. ಬೂದುಬಣ್ಣದ ಕಲ್ಲಿನ ಮನೆಗಳನ್ನು ದಾಟಿ ಉತ್ತರದ ಏರುದಾರಿ ಹಿಡಿದರೆ ಕನೂಖ್ ಸರೋವರ ಸಿಗುತ್ತದೆ. ಅದರ ಸಮೀಪದಲ್ಲೇ ನನ್ನೈ ಎಂಬ ಹಳೆಯ ಎಸ್ಟೇಟು. ಅದರ ನೆಲದಲ್ಲಿ, ಬೆಟ್ಟದ ಅಂಚಿಗೆ ಅಂಟಿಕೊಂಡಂತೆ ಸುಮಾರು 3 ಮೈಲಿಯ ಕಾಲುದಾರಿಯೊಂದು ಸುತ್ತಿ ಬರುತ್ತದೆ.

ವೆಲ್ಷ್ ಭಾಷೆಯಲ್ಲಿ 'ನಂಟ್' ಎಂದರೆ ತೊರೆ, ಅದು ಹರಿಯುವ ಕಣಿವೆಯೂ ಹೌದು. ಅದರ ಹಳೆಯ ಬಹುವಚನವೇ 'ನನ್ನೈ'. ಈ ಸ್ಥಳನಾಮ ಇಂಗ್ಲಿಷ್ ಬರವಣಿಗೆಗೆ ಸಿಕ್ಕಿ 'ನ್ಯಾನಿ' ಎಂಬ ಅಪರೂಪದ ಮನೆತನದ ಹೆಸರಾಯಿತು.

ಅಪರೂಪವೇಕೆ? ಹಿಂದೆ ವೇಲ್ಸ್‌ನಲ್ಲಿ ಸ್ಥಿರವಾದ ಮನೆತನದ ಹೆಸರೇ ವಿರಳ. ಮಗನ ಹೆಸರಿನ ಮುಂದೆ 'ಆಪ್', ಅಂದರೆ 'ಮಗ' ಎಂದು ಸೇರಿಸಿ ತಂದೆಯ ಹೆಸರು ಹೇಳಿದರೆ ಸಾಕಿತ್ತು. 1536 ಮತ್ತು 1543ರ ಕಾಯ್ದೆಗಳಿಂದ ಇಂಗ್ಲೆಂಡಿನ ಆಡಳಿತ ಬಿಗಿಯಾದ ಮೇಲೆ ಸ್ಥಿರ ಹೆಸರುಗಳ ರೂಢಿ ಬಲವಾಯಿತು. 'ಆಪ್ ರೀಸ್' ಎಂಬುದು ಪ್ರೈಸ್ ಆಯಿತು, 'ಆಪ್ ಹವೆಲ್' ಎಂಬುದು ಪೊವೆಲ್ ಆಯಿತು. ಚಾಲ್ತಿಯಲ್ಲಿದ್ದ ತಂದೆಯ ಹೆಸರುಗಳೇ ಕೆಲವಾದ್ದರಿಂದ ಇಂದಿಗೂ ಅಲ್ಲಿ ಎತ್ತ ತಿರುಗಿದರೂ ಜೋನ್ಸ್, ಡೇವಿಸ್, ವಿಲಿಯಮ್ಸ್! ಊರಿನ ಹೆಸರನ್ನೇ ತಮ್ಮದಾಗಿಸಿಕೊಂಡವರು ಹೆಚ್ಚಾಗಿ ಜಮೀನ್ದಾರರು. ನ್ಯಾನಿಗಳು ಅಂಥವರು, ವೆಲ್ಷ್ ಕವಿಗಳಿಗೆ ಆಶ್ರಯ ಕೊಟ್ಟವರು.

18ನೇ ಶತಮಾನದಲ್ಲಿ ಎಸ್ಟೇಟು ಮಗಳ ಮದುವೆಯ ಮೂಲಕ ವಾನ್ ಮನೆತನಕ್ಕೆ ಹೋಯಿತು. ಈಗಿರುವ ಬಂಗಲೆ ಅವರು 1790ರ ದಶಕದಲ್ಲಿ ಕಟ್ಟಿಸಿದ್ದು. ನ್ಯಾನಿ ಎಂಬ ಹೆಸರು ಮಾತ್ರ ಬೇರೆ ಕುಟುಂಬಗಳಲ್ಲಿ ಉಳಿಯಿತು.

1890ರಲ್ಲಿ ಕಾರ್ನಾರ್ವನ್ ಕ್ಷೇತ್ರದ ಉಪಚುನಾವಣೆಗೆ ಲಾನಸ್ಟಮ್‌ಡ್ವಿ ಗ್ರಾಮದ ಜಮೀನ್ದಾರ ಎಲಿಸ್-ನ್ಯಾನಿ ನಿಂತರು. ಎದುರಾಳಿ ಅದೇ ಹಳ್ಳಿಯಲ್ಲಿ, ಚಮ್ಮಾರಿಕೆ ಮಾಡುತ್ತಿದ್ದ ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ. ತಂದೆಯಿಂದ ಬಂದದ್ದು ಜಾರ್ಜ್. ಸಾಕಿದ ಮಾವನದು ಲಾಯ್ಡ್, ವೆಲ್ಷ್‌ನಲ್ಲಿ 'ಬೂದುಬಣ್ಣ' ಎಂಬರ್ಥದ ಸಾಮಾನ್ಯ ಹೆಸರು. ಗೆದ್ದವರು ಲಾಯ್ಡ್ ಜಾರ್ಜ್, ಕೇವಲ 18 ಮತಗಳಿಂದ. 1916ರಲ್ಲಿ ಅವರು ಬ್ರಿಟನ್ನಿನ ಪ್ರಧಾನಿಯಾದರು.

ನೆಲದ ಒಡೆತನವನ್ನು ಸಾರುತ್ತಿದ್ದ ಹೆಸರು ಮತಪೆಟ್ಟಿಗೆಯ ಮುಂದೆ ನೆರವಿಗೆ ಬರಲಿಲ್ಲ. ಇಂದು ನನ್ನೈ ಎಸ್ಟೇಟಿನ ಕಾಲುದಾರಿಯಲ್ಲಿ ಜೋನ್ಸ್‌ಗಳ ಮಕ್ಕಳೂ ಡೇವಿಸ್‌ಗಳ ಮಕ್ಕಳೂ ಬುತ್ತಿ ಕಟ್ಟಿಕೊಂಡು ನಡೆಯಬಹುದು. ಜಾಗಕ್ಕೆ ಆ ಹೆಸರು ಕೊಟ್ಟದ್ದು ಯಾವ ಮನೆತನವೂ ಅಲ್ಲ, ಅಲ್ಲಿನ ತೊರೆಗಳು.