ರೇಡಿಯೋಗೂ ಜಾತಕ ಕೂಡಬೇಕು!

ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಗೆ ಕಾಲಿಡದೆ ಬರುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ? ಸೀರೆ ಅಂಗಡಿ, ಅವೆನ್ಯೂ ರಸ್ತೆಯ ಪುಸ್ತಕದಂಗಡಿ, ಇಷ್ಟಾದರೆ ನಮ್ಮ ಪೇಟೆ ಮುಗಿಯಿತು. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ, ಪುರಭವನದ ಹತ್ತಿರ, ಎಸ್.ಪಿ. ರಸ್ತೆ ಇದೆ. ಅದು ಗಂಡಸರ ಪೇಟೆ ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಹಾಗೇನಿಲ್ಲ, ಒಮ್ಮೆ ಹೋಗಿ ನೋಡಿ.

ರೈಲು ನಿಲ್ದಾಣದ ಕಡೆಯಿಂದ ಮೆಟ್ರೋದಲ್ಲಿ ಬಂದು ಚಿಕ್ಕಪೇಟೆಯಲ್ಲಿ ಇಳಿದು ನಡೆಯಬಹುದು. ಇಕ್ಕಟ್ಟಾದ ರಸ್ತೆ, ಎರಡೂ ಕಡೆ ಗೂಡಿನಂಥ ಅಂಗಡಿಗಳು. ಕಂಪ್ಯೂಟರು, ವೈರಿನ ಸುರುಳಿ, ಸ್ಪೀಕರು, ನಮ್ಮ ಸಾಸಿವೆ ಡಬ್ಬಿಯಂಥ ಪುಟ್ಟ ಡಬ್ಬಿಗಳ ತುಂಬ ಬಣ್ಣಬಣ್ಣದ ಬಿಡಿಭಾಗಗಳು. ಪಕ್ಕದ ಜೆ.ಸಿ. ರಸ್ತೆಯ ತುಂಬ ಮೋಟಾರು ಸಾಮಾನು. ಕಾರಿನ ರೇಡಿಯೋ ಹಿಡಿದು ಹೋದವರಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೇನು ಬೇಕು?

ನಾವು ಹೋದದ್ದೂ ಅದಕ್ಕೇ. ನಮ್ಮ ಮಾವನವರದು 1950ರ ದಶಕದ ಮಾರಿಸ್ ಮೈನರ್ ಕಾರು. ಅವರು ತೀರಿಕೊಂಡ ಮೇಲೆ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಗುಜರಿಯವನಿಗೆ ಕೊಡುವುದೆಂದು ಮಾತೂ ಆಗಿತ್ತು. ಆಗ ಅತ್ತೆ ಅಂದರು: "ಕಾರು ಕೊಟ್ರೆ ಕೊಡ್ರಪ್ಪ, ರೇಡಿಯೋ ಮಾತ್ರ ಕೊಡಬೇಡಿ. ರಾತ್ರಿ ಊಟ ಆದ್ಮೇಲೆ ಕಾರಲ್ಲೇ ಕೂತು ಧಾರವಾಡ ಕೇಳ್ತಿದ್ವಿ." ನಮ್ಮವರು ಡ್ಯಾಷ್‌ಬೋರ್ಡಿನಿಂದ ಅದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡರು. ಬೆಳಗಿನ ರೈಲಿಗೆ ತಿಪಟೂರಿನಿಂದ ಹೊರಟೆವು.

ಮೊದಲನೇ ಅಂಗಡಿಯವನು, "ಒಳಗಿನದೆಲ್ಲ ತೆಗೆದು ಬ್ಲೂಟೂತ್ ಹಾಕಿಕೊಡ್ತೀನಿ" ಅಂದ. ನಮಗೆ ಒಪ್ಪಲಿಲ್ಲ. ವಿಚಾರಿಸುತ್ತಾ ಮಹಡಿಯ ಮೇಲಿನ ಒಬ್ಬ ಹಿರಿಯರ ಬಳಿ ಹೋದೆವು. ಅವರು ಸೆಟ್ಟನ್ನು ತಿರುಗಿಸಿ ನೋಡಿ, "ಇದರ ಜೋಡಿ ಎಲ್ಲಿ ತಾಯಿ?" ಅಂದರು.

ಜೋಡಿಯೇ! ಆ ಕಾಲದ ಕೆಲವು ಸೆಟ್ಟುಗಳು ಎರಡು ತುಂಡಾಗಿರುತ್ತಿದ್ದವಂತೆ. ಕಣ್ಣಿಗೆ ಕಾಣುವ ಮುಳ್ಳು, ಗುಂಡಿಗಳ ಭಾಗ ಒಂದು. ಕೆಳಗೆಲ್ಲೋ ಮರೆಯಲ್ಲಿ ಕೂರುವ ಕಬ್ಬಿಣದ ಪೆಟ್ಟಿಗೆ ಇನ್ನೊಂದು. ದನಿ ಏರಿಸುವ ಆಂಪ್ಲಿಫೈಯರ್, ಬ್ಯಾಟರಿಯ 12 ವೋಲ್ಟನ್ನು ಇನ್ನೂರಕ್ಕೂ ಮೇಲೆ ಏರಿಸುವ ವೈಬ್ರೇಟರ್ ಎಲ್ಲಾ ಅದರಲ್ಲೇ. ಅದಿನ್ನೂ ಕಾರಿನಲ್ಲೇ ಇತ್ತು! ಗುಜರಿಯವನು ಬರುವುದೂ ಅವತ್ತೇ. ನಮ್ಮವರು ಅಲ್ಲಿಂದಲೇ ಮನೆಗೆ ಫೋನು ಮಾಡಿದರು. ನಾವು ವಾಪಸಾಗುವ ತನಕ ಅತ್ತೆ ಶೆಡ್ಡಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತೇ ಇದ್ದರು!

"ಬೇರೆ ಪೆಟ್ಟಿಗೆ ಹಾಕಿದ್ರೆ ಆಗಲ್ವಾ?" ಅಂತ ನಾನು ಕೇಳಿದ್ದಕ್ಕೆ ಹಿರಿಯರು ನಕ್ಕರು. "ಜಾತಕ ಕೂಡಬೇಕಮ್ಮ. ಕೇಬಲ್ಲಿನ ಪಿನ್ನು, ವೋಲ್ಟೇಜು ಎಲ್ಲಾ ಹೊಂದಬೇಕು. ಮುಂದಿನ ಭಾಗಕ್ಕೆ ಕರೆಂಟು ಬರೋದೇ ಆ ಪೆಟ್ಟಿಗೆಯಿಂದ." ಇನ್ನೊಂದು ವಿಷಯ: ಆ ಕಾಲದ ಮಾರಿಸ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿ ಕಾರಿನ ಲೋಹದ ಮೈಗೆ ಸೇರಿರುತ್ತದೆ, ಈಗಿನ ಕಾರುಗಳಲ್ಲಿ ಮೈನಸ್. ಇದು ಅದಲುಬದಲಾದರೆ ಸೆಟ್ಟು ಸುಟ್ಟೀತು.

ಮುಂದಿನ ವಾರ ಪೆಟ್ಟಿಗೆಯನ್ನೂ ಒಯ್ದೆವು. ವರ್ಷಗಟ್ಟಲೆ ಸುಮ್ಮನಿದ್ದರೂ ಒಳಗಿನ ಕೆಪಾಸಿಟರುಗಳು ಒಣಗಿಹೋಗುತ್ತವೆ, ನಮ್ಮ ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ. ಅವನ್ನೆಲ್ಲ ಬದಲಾಯಿಸಿದರು. ಸವೆದ ವೈಬ್ರೇಟರ್ ಜಾಗಕ್ಕೆ ಟ್ರಾನ್ಸಿಸ್ಟರಿನ ಪುಟ್ಟ ಸರ್ಕ್ಯೂಟು ಬಂತು. ವಾಲ್ವುಗಳಲ್ಲಿ ಒಂದು ಬಿಟ್ಟು ಉಳಿದವೆಲ್ಲ ಗಟ್ಟಿಯಾಗಿದ್ದವು. ಸ್ಪೀಕರಿನ ಕಾಗದ ಹರಿದಿತ್ತು. ಹಳೆಯದರ ಹಿಂದೆ 3 ಓಮ್ ಎಂದಿತ್ತು, ಹೊಸದು 4 ಓಮಿನದು ಸಿಕ್ಕಿತು. ಅಷ್ಟು ವ್ಯತ್ಯಾಸ ನಡೆಯುತ್ತದಂತೆ. 8 ಅಥವಾ 16 ಓಮಿನದಾದರೆ ಆಂಪ್ಲಿಫೈಯರ್‌ಗೆ ಹೊಂದುವುದಿಲ್ಲ.

ಕಾರು ಗುಜರಿಗೆ ಹೋಗಲಿಲ್ಲ. ಅದರ ಬ್ಯಾಟರಿ ಬದಲಾಯಿಸಿ, ರೇಡಿಯೋ ಕೂರಿಸಿದ್ದಾಯಿತು. ಗುಂಡಿ ತಿರುಗಿಸಿದ ಕೂಡಲೇ ಹಾಡುವುದಿಲ್ಲ, ವಾಲ್ವು ಕಾಯಬೇಕು. ಆ ಅರ್ಧ ನಿಮಿಷ ಅತ್ತೆ ಉಸಿರು ಬಿಗಿಹಿಡಿದಿದ್ದರು. ಗೊರಗೊರ ಅಂದು, ಆಮೇಲೆ ಕನ್ನಡ ಮಾತು ಬಂತು. ಅತ್ತೆ ಏನೂ ಅನ್ನಲಿಲ್ಲ, ಪಕ್ಕದ ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿದರು ಅಷ್ಟೆ.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ಈ ನಾಲ್ಕು ಮಾತು ನೆನಪಿರಲಿ:

• ಹಳೇ ಕಾರು ಕೊಡುವ ಮುಂಚೆ ಡ್ಯಾಷ್‌ಬೋರ್ಡಿನ ಕೆಳಗೆ ಬಗ್ಗಿ ನೋಡಿ. ಪೆಟ್ಟಿಗೆ, ಕೇಬಲ್ಲು, ಸ್ಪೀಕರ್ ಯಾವುದನ್ನೂ ಕತ್ತರಿಸದೆ ಜೊತೆಗೇ ಬಿಚ್ಚಿಸಿ.

• ಬ್ಯಾಟರಿ 6 ವೋಲ್ಟೋ 12 ವೋಲ್ಟೋ, ಪ್ಲಸ್ ಮೈನಸ್‌ಗಳಲ್ಲಿ ಯಾವುದು ಕಾರಿನ ಮೈಗೆ ಸೇರಿದೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ.

• ಸ್ಪೀಕರ್ ಜೋಡಿಸದೆ ಸೆಟ್ ಹಚ್ಚಬೇಡಿ. ಮನೆಯಲ್ಲಿ ಮುಚ್ಚಳ ತೆಗೆದು ಕೈ ಹಾಕಲೇಬೇಡಿ. ಆರಿಸಿದ ಮೇಲೂ ಷಾಕ್ ಹೊಡೆಯಬಹುದು.

• ಈಚಿನ ವರ್ಷಗಳಲ್ಲಿ ಆಕಾಶವಾಣಿ ಹಲವು ಕಡೆ ಮೀಡಿಯಂ ವೇವ್ ಪ್ರಸಾರ ನಿಲ್ಲಿಸಿದೆ. ಇಂಥ ಸೆಟ್ಟಿನಲ್ಲಿ ಎಫ್.ಎಂ. ಬರುವುದಿಲ್ಲ. ನಿಮ್ಮೂರಲ್ಲಿ ಮೀಡಿಯಂ ವೇವ್ ಸಿಗುತ್ತದೆಯೇ ಎಂದು ಚಿಕ್ಕ ಸೆಟ್ಟೊಂದರಲ್ಲಿ ಮೊದಲೇ ಪರೀಕ್ಷಿಸಿ, ಆಮೇಲೆ ದುಡ್ಡು ಹಾಕಿ.

ಅಂದ ಹಾಗೆ, ರಿಪೇರಿಯವರು "ಎರಡು ಗಂಟೆ ಬಿಟ್ಟು ಬನ್ನಿ" ಅಂದರೆ ಬೇಸರ ಪಡಬೇಡಿ. ಚಿಕ್ಕಪೇಟೆ ಪಕ್ಕದಲ್ಲೇ ಇದೆಯಲ್ಲ!