ಒಂದು ಕಾರಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ನಾವು ಸಾಮಾನ್ಯವಾಗಿ ದೇವಾಲಯ, ಕೆರೆ, ಬಾವಿ ಮೊದಲಾದವುಗಳಿಗೆ ಸಂಬಂಧಿಸಿ ಬಳಸುತ್ತೇವೆ. ಯಂತ್ರಕ್ಕೆ ಆ ಗೌರವ ಸಲ್ಲುವುದು ವಿರಳ. ಯಂತ್ರ ಹಳತಾಯಿತೆಂದರೆ ಅದು ಗುಜರಿಯ ಪಾಲು ಎಂಬುದೇ ಲೋಕರೂಢಿ. ಈ ರೂಢಿಗೆ ವಿರುದ್ಧವಾಗಿ, ನಿವೃತ್ತಿಯ ನಂತರದ ಮೂರು ವರ್ಷಗಳನ್ನು ನಾನು ಒಂದು ಹಳೆಯ ಕಾರಿನ ಜೀರ್ಣೋದ್ಧಾರದಲ್ಲಿ ಕಳೆದೆ. ಜೀವಮಾನವೆಲ್ಲ ಗಣಿತ ಬೋಧಿಸಿ, ಸ್ಪ್ಯಾನರನ್ನು ಕೈಯಲ್ಲಿ ಹಿಡಿದೇ ಅರಿಯದಿದ್ದ ನನಗೆ ಆ ಕೆಲಸ ಕಲಿಸಿದ್ದೇನು ಎಂಬುದನ್ನು ವಾಚಕರೊಡನೆ, ಅದರಲ್ಲೂ ವಿದ್ಯಾರ್ಥಿಗಳೊಡನೆ, ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಕಾರು ನಮ್ಮ ತಂದೆಯವರದು. 1970ರಲ್ಲಿ ತಯಾರಾದ ಫಿಯಟ್ 1100 ಡಿಲೈಟ್. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಇಟಲಿಯ ಫಿಯಟ್ ಸಂಸ್ಥೆಯ ಪರವಾನಗಿಯ ಮೇಲೆ ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಈ ಕಾರುಗಳನ್ನು ತಯಾರಿಸುತ್ತಿತ್ತು. ಇದೇ ಕಾರು 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು ಮನೆಮಾತಾಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಸಾಲಿನಿಂದ ಕೊನೆಯ ಪದ್ಮಿನಿ ನಿರ್ಗಮಿಸಿದ್ದು 2023ರ ಅಕ್ಟೋಬರಿನಲ್ಲಿ.

ತಂದೆಯವರು ಧಾರವಾಡ ಸೀಮೆಯ ಹಳ್ಳಿಗಳಲ್ಲಿ ವೈದ್ಯರಾಗಿದ್ದರು. ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ, ಅಪರಾತ್ರಿಯಲ್ಲಿ, ಈ ಕಾರು ಎಷ್ಟು ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿತೋ ಲೆಕ್ಕವಿಟ್ಟವರಿಲ್ಲ. 2006ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ನಿಂತಿತು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದಾಗ ತಮ್ಮನಿಗೆ ಒಪ್ಪಿಗೆಯಾಗಿತ್ತು. ಆಗ ತಾಯಿಯವರು ಆಡಿದ ಮಾತು ಇಷ್ಟೇ: “ಮಾರೂದಿದ್ರ ಮಾರ್ರಿ. ಇಟ್ಟುಕೊಳ್ಳೂದಿದ್ರ ಅದು ಓಡಬೇಕು. ನಿಂತ ಗಾಡಿ ನೋಡಿದ್ರ ನನಗ ಸಂಕಟ ಆಗತದ.” ಅವರಿಗೆ ಆಗ ಎಂಬತ್ತೆರಡು ವರ್ಷ. ಕೆಲಸ ಕೈಗೊಂಡರೆ ಅದಕ್ಕೆ ಅವಧಿಯ ಮಿತಿಯೊಂದು ಇದ್ದೇ ಇದೆ ಎಂಬುದು ನನಗೆ ಅರ್ಥವಾಯಿತು.

ಗುರುವಾಗಿ ದೊರೆತವರು ಹುಬ್ಬಳ್ಳಿಯ ಒಬ್ಬ ವೃದ್ಧ ಮಿಸ್ತ್ರಿ. ತಾರುಣ್ಯದಲ್ಲಿ ಇದೇ ಕಾರಿನ ಸೇವೆ ಮಾಡಿದ್ದವರು. ಸಕ್ಕರೆ ಕಾಯಿಲೆಯಿಂದ ಅವರ ದೃಷ್ಟಿ ಮಂದವಾಗಿತ್ತು; ಕೈ ನಡುಗುತ್ತಿತ್ತು. ಆದರೆ ಕಿವಿ ಮತ್ತು ನೆನಪು ಚುರುಕಾಗಿದ್ದವು. ಅವರು ಕುರ್ಚಿಯಲ್ಲಿ ಕುಳಿತು ಹೇಳುವುದು, ನಾನು ಮಾಡುವುದು: ಹೀಗೆ ನಮ್ಮ ಪಾಠ ಸಾಗಿತು. ಮೊದಲ ದಿನವೇ ಅವರೆಂದರು: “ಮಾಸ್ತರ್ರ, ಬಿಚ್ಚೂದು ದೊಡ್ಡ ಮಾತಲ್ಲ. ಬಿಚ್ಚಿದ್ದು ಎಲ್ಲಿ ಇಟ್ಟೀರಿ ಅನ್ನೂದು ದೊಡ್ಡ ಮಾತು.” ಅಂತೆಯೇ ಪ್ರತಿಯೊಂದು ಭಾಗದ ಚಿತ್ರ ತೆಗೆದು, ನಟ್ಟು-ಬೋಲ್ಟುಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿ, ಒಂದು ನೋಟುಪುಸ್ತಕದಲ್ಲಿ ಕ್ರಮವನ್ನು ಬರೆದಿಟ್ಟೆ. ಕಾರಿನ ಕೆಳಗೆ ಹೋಗುವಾಗ ಜಾಕನ್ನಷ್ಟೇ ನಂಬಬಾರದು, ಭದ್ರವಾದ ಸ್ಟ್ಯಾಂಡುಗಳ ಮೇಲೆ ಭಾರವಿಳಿಸಬೇಕು ಎಂಬುದು ಅವರ ಎರಡನೆಯ ಆಜ್ಞೆ.

ನಿಂತುಹೋದ ಎಂಜಿನನ್ನು ಕೂಡಲೇ ಚಾಲೂ ಮಾಡಲು ಹೋಗುವುದು ಅಪಾಯಕರ. ಸಿಲಿಂಡರಿನೊಳಗೆ ತುಕ್ಕು ಹಿಡಿದಿದ್ದರೆ ಪಿಸ್ಟನ್ನಿನ ರಿಂಗುಗಳು ಮುರಿಯುತ್ತವೆ. ಆದಕಾರಣ ಪ್ಲಗ್ಗುಗಳನ್ನು ಕಳಚಿ, ಆ ರಂಧ್ರಗಳಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಕೆಲದಿನ ಹಾಗೆಯೇ ಬಿಟ್ಟೆವು. ಬಳಿಕ ಕೈಯಿಂದ ಮೆಲ್ಲನೆ ತಿರುಗಿಸಿದಾಗ ಎಂಜಿನ್ ಸುತ್ತಿತು. 68 ಮಿಲಿಮೀಟರ್ ವ್ಯಾಸ, 75 ಮಿಲಿಮೀಟರ್ ಹೊಡೆತ, ನಾಲ್ಕು ಸಿಲಿಂಡರ್. ಇವುಗಳಿಂದ 1089 ಘನ ಸೆಂಟಿಮೀಟರ್ ಬರುವುದನ್ನು ನಾನು ಶೆಡ್ಡಿನ ಗೋಡೆಯ ಮೇಲೆಯೇ ಸೀಮೆಸುಣ್ಣದಿಂದ ಲೆಕ್ಕ ಮಾಡಿ ತೋರಿಸಿದೆ. ಮಿಸ್ತ್ರಿಯವರು ನಕ್ಕು, ಇಷ್ಟು ವರ್ಷ ತಾವು ಕೇಳಿದ್ದ ಅಂಕಿಯ ಮೂಲ ಈಗ ತಿಳಿಯಿತೆಂದರು. ಗುರುವಿಗೆ ನಾನು ಸಲ್ಲಿಸಿದ ದಕ್ಷಿಣೆ ಅಷ್ಟೇ.

ಅವರು ಕಲಿಸಿದ್ದು ಅದಕ್ಕಿಂತ ದೊಡ್ಡದು. ಸಿಲಿಂಡರಿನ ಒತ್ತಡವನ್ನು ಮಾಪಕದಿಂದ ಅಳೆದಾಗ ಮೂರನೆಯದರಲ್ಲಿ ಒತ್ತಡ ಕಡಿಮೆಯಿತ್ತು. ದೋಷ ರಿಂಗಿನದೋ ವಾಲ್ವಿನದೋ? ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಲು ಹೇಳಿದರು. ಎಣ್ಣೆ ರಿಂಗಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ ಒತ್ತಡ ಏರಿದರೆ ರಿಂಗು ಸವೆದಿದೆಯೆಂದೂ, ಏರದಿದ್ದರೆ ದೋಷ ವಾಲ್ವಿನ ಕಡೆಗಿದೆಯೆಂದೂ ಊಹಿಸಬೇಕು. ನಮ್ಮದರಲ್ಲಿ ಏರಲಿಲ್ಲ. ಬಿಚ್ಚಿ ನೋಡಿದಾಗ ಹೊಗೆ ಹೊರಹೋಗುವ ವಾಲ್ವು ತನ್ನ ಪೀಠದ ಮೇಲೆ ಸರಿಯಾಗಿ ಕೂಡುತ್ತಿರಲಿಲ್ಲ. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸವು ಈ ಪೀಠಗಳಿಗೆ ರಕ್ಷಣೆಯಾಗಿತ್ತು. ಜನರ ಆರೋಗ್ಯಕ್ಕೆ ಮಾರಕವಾದ ಆ ಸೀಸವನ್ನು 2000ದಲ್ಲಿ ದೇಶಾದ್ಯಂತ ನಿಲ್ಲಿಸಿದ್ದು ಯೋಗ್ಯವೇ ಆಯಿತು. ಆದುದರಿಂದ ಗಟ್ಟಿ ಲೋಹದ ಹೊಸ ಪೀಠಗಳನ್ನು ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ ಕೂಡಿಸಿದೆವು. ಇಂದಿನ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಬೆರೆಸಲಾಗುತ್ತಿದೆ. ಅದು ಹಳೆಯ ರಬ್ಬರನ್ನು ಹಾಳುಮಾಡುತ್ತದೆ, ನೀರನ್ನು ಹೀರುತ್ತದೆ. ಪೆಟ್ರೋಲಿನ ನಳಿಗೆಗಳನ್ನೂ ಪಂಪಿನ ಪೊರೆಯನ್ನೂ ಬದಲಿಸುವುದು ಅನಿವಾರ್ಯವಾಯಿತು.

ಬ್ರೇಕಿನ ವಿಷಯದಲ್ಲಿ ಮಿಸ್ತ್ರಿಯವರು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕು, ಅವೆಲ್ಲಕ್ಕೂ ಒಂದೇ ಮಾಸ್ಟರ್ ಸಿಲಿಂಡರು. ಒಂದು ನಳಿಗೆ ಒಡೆದರೆ ನಾಲ್ಕೂ ಗಾಲಿಗಳು ಅನಾಥ. ಎಂಜಿನ್ ನಿಂತರೆ ನೀವು ನಿಲ್ಲುತ್ತೀರಿ, ಬ್ರೇಕು ಹೋದರೆ ನಿಲ್ಲುವುದಿಲ್ಲ ಎಂಬುದು ಅವರ ವಾದ. ರಬ್ಬರಿನ ಭಾಗಗಳೆಲ್ಲ ಹೊಸವಾದವು. ಹಳೆಯ ಬ್ರೇಕಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿಮಾಡುವ ಕಲ್ನಾರು ಇರಬಹುದಾದ್ದರಿಂದ ಅದನ್ನು ಊದದೆ ಒದ್ದೆಬಟ್ಟೆಯಿಂದ ಒರೆಸಿದೆವು. ಬೇಕಾದ ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ನಾಲ್ಕು ಬಾರಿ ಪ್ರಯಾಣ ಮಾಡಿದೆ.

ಕಠಿಣವಾದ ಪ್ರಶ್ನೆ ಎದುರಾದದ್ದು ದೇಹದ ಕೆಲಸದಲ್ಲಿ. ಈ ಕಾರಿಗೆ ಲಾರಿಗಿರುವಂತೆ ಬೇರೆಯಾದ ಚಾಸಿ ಇಲ್ಲ. ತಗಡಿನ ಒಡಲೇ ಭಾರವನ್ನು ಹೊರುತ್ತದೆ. ಬಾಗಿಲ ಕೆಳಗಿನ ತೊಲೆಯಂಥ ಭಾಗ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಬಲದ ಪ್ರಶ್ನೆ. ಅಲ್ಲಿ ಕೊಳೆತ ತಗಡನ್ನು ಕತ್ತರಿಸುವ ಮೊದಲು ಒಡಲು ಬಾಗದಂತೆ ಒಳಗಿನಿಂದ ಕಬ್ಬಿಣದ ಆನಿಕೆ ಕೊಟ್ಟು, ಬೆಸುಗೆಯವನಿಂದ ಹೊಸ ತಗಡು ಹಾಕಿಸಿದೆ. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಬಣ್ಣ ಬಳಿಯುವವನು ಇಡೀ ಕಾರನ್ನು ತಗಡಿನವರೆಗೆ ಕೆರೆದು ಕನ್ನಡಿಯಂತೆ ಹೊಳೆಯಿಸುವೆನೆಂದು ಹಟ ಹಿಡಿದ. ತಮ್ಮನೂ ಅವನ ಪಕ್ಷ ವಹಿಸಿದ. ಚಾಲಕನ ಬಾಗಿಲ ಮೇಲಂಚಿನಲ್ಲಿ ತಂದೆಯವರ ಮೊಳಕೈ ತಾಗಿ ತಾಗಿ ಬೂದುಬಣ್ಣ ಸವೆದು ಅಡಿಯ ಲೇಪ ಕಾಣುತ್ತಿತ್ತು. ಕ್ಲಚ್ಚಿನ ಪಕ್ಕದ ರಬ್ಬರು ಹಾಸಿನಲ್ಲಿ ಅವರ ಹಿಮ್ಮಡಿಯ ಗುಳಿಯಿತ್ತು. ಇವು ದೋಷವೋ, ದಾಖಲೆಯೋ?

ನಾಲ್ಕು ದಿನ ಕೆಲಸ ನಿಲ್ಲಿಸಿ ಯೋಚಿಸಿದೆ. ಕೊನೆಗೆ ಒಂದು ಸೂತ್ರ ಹೊಳೆಯಿತು: ಜೀವಕ್ಕೆ ಅಪಾಯ ತರುವುದನ್ನೆಲ್ಲ ಬದಲಿಸಬೇಕು, ತುಕ್ಕನ್ನು ತಡೆಯಬೇಕು, ಬಾಳಿದ ಗುರುತನ್ನು ಅಳಿಸಬಾರದು. ಅದರಂತೆ ತುಕ್ಕು ಹಿಡಿದ ಭಾಗಗಳಿಗೆ ಮಾತ್ರ ಹೊಂದುವ ಬಣ್ಣ ಬಳಿಸಿದೆ. ಬಾಗಿಲಂಚಿಗೆ ಪಾರದರ್ಶಕ ಲೇಪ ಮಾತ್ರ ಕೊಟ್ಟು ಸವೆತವನ್ನು ಹಾಗೆಯೇ ಉಳಿಸಿದೆ. ರಬ್ಬರು ಹಾಸೂ ಉಳಿಯಿತು. ಕಾರು ಪ್ರದರ್ಶನದ ಬೊಂಬೆಯಂತೆ ಕಾಣುವುದಿಲ್ಲವೆಂಬ ತಮ್ಮನ ಆಕ್ಷೇಪ ಇಂದಿಗೂ ಇದೆ. ಅದರಲ್ಲಿ ಸತ್ಯವೂ ಇದೆ. ಆದರೆ ಕಾನೂನು ಕೂಡ ಈ ದಿಕ್ಕಿನಲ್ಲೇ ಯೋಚಿಸಿದೆಯೆಂಬುದು ಗಮನಾರ್ಹ. 2021ರ ಕೇಂದ್ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡಿರುವ ಖಾಸಗಿ ವಾಹನವು ‘ವಿಂಟೇಜ್’ ಎಂದು ನೋಂದಣಿಗೆ ಅರ್ಹ; ಆದರೆ ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತಾಯಿಯವರ ಷರತ್ತು ಓಡಬೇಕೆಂಬುದಾಗಿತ್ತು. ಆದ್ದರಿಂದ ತಪಾಸಣೆಗೆ ಒಡ್ಡಿ, ಐದೈದು ವರ್ಷಕ್ಕೊಮ್ಮೆ ನವೀಕರಿಸುವ ಸಾಮಾನ್ಯ ನೋಂದಣಿಯನ್ನೇ ಮುಂದುವರಿಸಿದೆ.

2023ರ ಯುಗಾದಿಯ ಮರುದಿನ ತಾಯಿಯವರು ಆ ಕಾರಿನಲ್ಲಿ ಕುಳಿತು ತವರೂರಿಗೆ ಹೋಗಿಬಂದರು. ದಾರಿಯುದ್ದಕ್ಕೂ ಹೆಚ್ಚು ಮಾತನಾಡಲಿಲ್ಲ. ಇಳಿಯುವಾಗ ಬಾಗಿಲಿನ ಸವೆದ ಅಂಚನ್ನು ಒಮ್ಮೆ ಕೈಯಿಂದ ಸವರಿದರು. ಮರುವರ್ಷ ಅವರು ನಮ್ಮನ್ನಗಲಿದರು. ಮಿಸ್ತ್ರಿಯವರ ದೃಷ್ಟಿ ಈಗ ಸಂಪೂರ್ಣ ಹೋಗಿದೆ. ಆದರೂ ಕಾರಿನ ಸದ್ದು ಕೇಳಿಸಲು ತಿಂಗಳಿಗೊಮ್ಮೆ ಅವರ ಮನೆಯ ಮುಂದೆ ನಿಲ್ಲಿಸುತ್ತೇನೆ. ಯಾವ ಟ್ಯಾಪೆಟ್ ಸಡಿಲವಾಗಿದೆಯೆಂದು ಅವರು ಒಳಗಿನಿಂದಲೇ ಹೇಳುತ್ತಾರೆ.

ಹಳೆಯ ಯಂತ್ರಗಳನ್ನು ಸಂಗ್ರಹಿಸಿ ಕಾಪಾಡುವ ಕಾರ್ಯ ಧರ್ಮಸ್ಥಳದ ವಸ್ತುಸಂಗ್ರಹಾಲಯದಂಥ ಕಡೆ ನಡೆದಿರುವುದು ಸ್ತುತ್ಯ. ಆದರೆ ಯಂತ್ರವನ್ನು ಕಟ್ಟಡದೊಳಗೆ ಇಡಬಹುದು. ಅದನ್ನು ಅರಿತ ಕೈಗಳ ವಿದ್ಯೆಯನ್ನು ಇಡಲಾಗದು. ಅದು ಒಬ್ಬರಿಂದ ಇನ್ನೊಬ್ಬರಿಗೆ, ಪಕ್ಕದಲ್ಲಿ ಕುಳಿತು ಕಲಿಸಿದರೆ ಮಾತ್ರ ಉಳಿಯುತ್ತದೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಓಣಿಯಲ್ಲಿ ಒಬ್ಬ ವೃದ್ಧ ಕಮ್ಮಾರನೋ, ಗಡಿಯಾರ ರಿಪೇರಿಯವನೋ, ಮಗ್ಗದ ನೇಕಾರನೋ ಇದ್ದೇ ಇರುತ್ತಾನೆ. ನಿಮ್ಮ ಪರೀಕ್ಷೆಗಳು ಮುಗಿದ ಬೇಸಿಗೆಯಲ್ಲಿ ಒಂದು ತಿಂಗಳು ಅವನ ಬಳಿ ಹೋಗಿ ಕುಳಿತುಕೊಳ್ಳಿರಿ. ಹೋಗುವಾಗ ಒಂದು ನೋಟುಪುಸ್ತಕವನ್ನು ತಪ್ಪದೆ ಒಯ್ಯಿರಿ.