ಒರಿನೋಕೋ ನದಿಯ ಮರಳದಿಣ್ಣೆಗಳು

ಆಮೆಯು ತನ್ನ ಅಂಗಗಳನ್ನು ಚಿಪ್ಪಿನೊಳಗೆ ಸೆಳೆದುಕೊಳ್ಳುವಂತೆ ಮನುಷ್ಯನು ಇಂದ್ರಿಯಗಳನ್ನು ಸೆಳೆದುಕೊಳ್ಳಬೇಕೆಂಬ ಗೀತೆಯ ಹೋಲಿಕೆಯನ್ನು ಕೇಳದವರು ನಮ್ಮಲ್ಲಿ ವಿರಳ. ದಕ್ಷಿಣ ಅಮೆರಿಕದ ಒರಿನೋಕೋ, ಅಮೆಜಾನ್ ಮಹಾನದಿಗಳ ಹಿರಿಯಾಮೆಗೆ ಮಾತ್ರ ಈ ವಿದ್ಯೆ ಪೂರ್ಣವಾಗಿ ಸಿದ್ಧಿಸಿಲ್ಲ. ನಮ್ಮ ಕೆರೆಗಳ ಆಮೆಯಂತೆ ಕೊರಳನ್ನು ನೇರವಾಗಿ ಹಿಂದಕ್ಕೆಳೆದುಕೊಳ್ಳಲಾರದೆ, ಅದು ತಲೆಯನ್ನು ಪಕ್ಕಕ್ಕೆ ಮಡಿಸಿ ಚಿಪ್ಪಿನ ಅಂಚಿನಡಿ ಮರೆಮಾಡುತ್ತದೆ. ವೆನಿಜುವೆಲದವರು ಇದನ್ನು 'ಅರ್ರಾವ್' ಎನ್ನುತ್ತಾರೆ. ಪೆರುವಿನವರು 'ಚರಾಪ' ಎನ್ನುತ್ತಾರೆ. ಹೆಣ್ಣಿನ ಚಿಪ್ಪು ಎರಡೂವರೆ ಅಡಿಗೂ ಮೀರಿ ಬೆಳೆಯುವುದುಂಟು; ಗಂಡು ಬಹಳ ಚಿಕ್ಕದು. ನೆರೆಯಲ್ಲಿ ಮುಳುಗಿದ ಕಾಡುಗಳ ಹಣ್ಣು ಬೀಜಗಳೇ ಇದರ ಮುಖ್ಯ ಆಹಾರ.

ನೆರೆಯಿಳಿದು ಬೇಸಗೆ ಬಂದಿತೆಂದರೆ ನದಿಯ ನಡುವೆ ಮರಳದಿಣ್ಣೆಗಳು ತಲೆಯೆತ್ತುತ್ತವೆ. ಹೆಣ್ಣಾಮೆಗಳು ಹಿಂಡುಹಿಂಡಾಗಿ ಬಂದು, ರಾತ್ರಿಯಲ್ಲಿ ದಿಣ್ಣೆಯನ್ನೇರಿ, ಕುಳಿ ತೋಡಿ, ಒಂದೊಂದೂ ಸುಮಾರು ನೂರು ಮೊಟ್ಟೆಗಳನ್ನಿಟ್ಟು ಮುಚ್ಚುತ್ತವೆ. ಕಾವು ಕೊಡುವ ಹೊಣೆ ಸೂರ್ಯನದು. ಮರಳಿನ ಬಿಸಿ ಹೆಚ್ಚಿದರೆ ಹೆಣ್ಣುಮರಿಗಳೇ ಹೆಚ್ಚು, ತಗ್ಗಿದರೆ ಗಂಡುಗಳು. ನೆರೆ ಅಕಾಲದಲ್ಲಿ ಏರಿದರೆ ಎಲ್ಲವೂ ನೀರುಪಾಲು.

1800ರಲ್ಲಿ ಜರ್ಮನ್ ವಿದ್ವಾಂಸ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಒರಿನೋಕೋವಿನಲ್ಲಿ ದೋಣಿಯೇರಿ ಹೋಗುವಾಗ ಈ ದಿಣ್ಣೆಗಳ ಮೇಲೆ ದೊಡ್ಡ ಜಾತ್ರೆಯೇ ನೆರೆದಿತ್ತು. ಆದಿವಾಸಿಗಳು, ಪಾದ್ರಿಗಳು, ವರ್ತಕರು ಎಲ್ಲರೂ ಬಂದಿದ್ದುದು ಮೊಟ್ಟೆಗಾಗಿ. ಅಗೆದು ತೆಗೆದ ಮೊಟ್ಟೆಗಳನ್ನು ನೀರು ತುಂಬಿದ ತೊಟ್ಟಿಗಳಲ್ಲಿ ಒಡೆದು ಬಿಸಿಲಿಗಿಟ್ಟರೆ ಎಣ್ಣೆ ಮೇಲಕ್ಕೆ ತೇಲುತ್ತದೆ. ಅದನ್ನು ಕಾಯಿಸಿ ದೀಪಕ್ಕೂ ಅಡಿಗೆಗೂ ಬಳಸುತ್ತಿದ್ದರು. ವರ್ಷದ ಎಣ್ಣೆಗೆ ಸುಮಾರು 3 ಕೋಟಿ 30 ಲಕ್ಷ ಮೊಟ್ಟೆಗಳು ಬೇಕಾಗುವುವೆಂದು ಹುಂಬೋಲ್ಟ್ ಲೆಕ್ಕಹಾಕಿದನು. ಅವನು ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ. ಹಿಂದೆ ಜೆಸ್ಯೂಟ್ ಪಾದ್ರಿಗಳು ದಿಣ್ಣೆಯ ಒಂದು ಭಾಗವನ್ನು ಅಗೆಯದೆ ಬಿಡಿಸುತ್ತಿದ್ದರಂತೆ. ಅವರು ಹೋದಮೇಲೆ ಪೂರ್ತಿ ಅಗೆಯತೊಡಗಿದರು. ಫಸಲು ವರ್ಷವರ್ಷಕ್ಕೂ ಇಳಿಯುತ್ತಿರುವಂತೆ ಅವನಿಗೆ ಕಂಡಿತು.

ಎಣ್ಣೆಯ ಮೇಲೆ ಮಾಂಸದ ಆಸೆಯೂ ಕೂಡಿ, ಆಮೆಯು ಎಷ್ಟೋ ಕಡೆಗಳಿಂದ ಕಣ್ಮರೆಯಾಯಿತು. 1979ರಲ್ಲಿ ಬ್ರೆಜಿಲ್ ಸರ್ಕಾರ ತ್ರೊಂಬೆತಾಸ್ ನದಿಯ ಪ್ರದೇಶವೊಂದನ್ನು ರಕ್ಷಿತಾರಣ್ಯವೆಂದು ಸಾರಿತು. ಮೂಕವೆನಿಸಿದ್ದ ಈ ಪ್ರಾಣಿಯ ದನಿ ಕೇಳಿಸಿದ್ದು ತೀರ ಈಚೆಗೆ. 2013ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಮರಿಗಳು ಮೊಟ್ಟೆಯೊಳಗಿರುವಾಗಲೇ ದನಿಗೈಯುತ್ತವೆ; ತಾಯಂದಿರು ನೀರಿನಲ್ಲಿ ಕಾದಿದ್ದು ಮರುದನಿಗೊಡುತ್ತವೆ; ಬಳಿಕ ಎಲ್ಲವೂ ಕೂಡಿ ಮುಳುಗಿದ ಕಾಡಿನತ್ತ ಸಾಗುತ್ತವೆ.

ಬ್ರೆಜಿಲ್, ಬೊಲಿವಿಯಗಳ ಗಡಿಯಲ್ಲಿ ಹರಿಯುವ ಗ್ವಾಪೊರೆ ನದಿಯ ದಿಣ್ಣೆಗಳಲ್ಲಿ ಡ್ರೋನ್‌ಗಳಿಂದ ಚಿತ್ರ ತೆಗೆದು ಎಣಿಸಿದಾಗ ಸುಮಾರು 41,000 ಆಮೆಗಳಿರುವುದೆಂದು 2025ರಲ್ಲಿ ತಿಳಿದುಬಂದಿತು. ಅಗೆಯದೆ ಬಿಟ್ಟ ಮರಳು ಇಷ್ಟನ್ನು ಉಳಿಸಿಕೊಟ್ಟಿದೆ.